ನಮ್ಮ ಕಾಸ್‌ಪ್ಲೇ ಮೇಳದ ಗ್ರೀನ್ ರೂಮಿಗೆ ಕೈಗಳು ಬೇಕು, ಅನುಭವದ ಮಾತೂ ಬೇಕು (ಮೈಸೂರು)

ಒಂಟಿಕೊಪ್ಪಲು ಸೂಜಿ
(ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೈಸೂರಿನಲ್ಲಿ ನಮ್ಮ ಕಾಸ್‌ಪ್ಲೇ ಮೇಳ, ಅಂದರೆ ಕಾಮಿಕ್, ಸಿನಿಮಾ, ಅನಿಮೆಯ ಪ್ರೀತಿಯ ಪಾತ್ರಗಳ ವೇಷ ತೊಟ್ಟು ಬರುವವರ ಮೇಳ, ಇರುವುದು ನಿಮಗೆ ಗೊತ್ತೇ ಇದೆ. ಒಂದೇ ದಿನ. ಕಾಲೇಜಿನ ಸಭಾಂಗಣ, ಅದರ ಹಿಂದೆ ಎರಡು ತರಗತಿ ಕೋಣೆ. ಈ ಸಲ ಗ್ರೀನ್ ರೂಮಿನ ಜವಾಬ್ದಾರಿ ನನ್ನ ಹೆಗಲಿಗೆ ಬಂದಿದೆ. ವೇಷ ಸ್ಪರ್ಧೆಗೆ ವೇದಿಕೆ ಹತ್ತುವವರು ಸುಮಾರು ಅರವತ್ತು ಜನ. ಸ್ವಯಂಸೇವಕರು ಸದ್ಯಕ್ಕೆ ಐದೇ ಜನ.

ಹೋದ ವರ್ಷ ನಾನು ಸುಮ್ನೆ ಪಿನ್ನು ಹಾಕಿಕೊಡಲು ಹೋಗಿದ್ದೆ. ಅಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಒಬ್ಬ ಹುಡುಗ ತಲೆಯಿಂದ ಕಾಲಿನವರೆಗೆ ಫೋಮಿನ ಕವಚ ಹಾಕಿಕೊಂಡು ಬಂದಿದ್ದ. ನಾಲ್ಕು ತಿಂಗಳು ಕೂತು ಮಾಡಿದ್ದಂತೆ. ಬೆಳಿಗ್ಗೆ ಒಂಬತ್ತಕ್ಕೇ ತೊಟ್ಟುಬಿಟ್ಟ. ಕಾರ್ಯಕ್ರಮ ತಡವಾಗುತ್ತಾ ಹೋಯಿತು. ಕವಚದಲ್ಲಿ ಕುರ್ಚಿ ಮೇಲೆ ಕೂರಲು ಆಗುವುದಿಲ್ಲ, ಆದ್ದರಿಂದ ನಿಂತೇ ಇದ್ದ. ಶೌಚಾಲಯಕ್ಕೆ ಹೋಗಬೇಕಾದರೆ ಎಲ್ಲ ಬಿಚ್ಚಬೇಕು, ಆದ್ದರಿಂದ ನೀರು ಕುಡಿಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಹೆಸರು ಕರೆದರು. ವೇದಿಕೆಯ ಎರಡನೇ ಮೆಟ್ಟಿಲಲ್ಲೇ ಕುಸಿದ. ನಾನು ಪಕ್ಕದಲ್ಲಿದ್ದೆ, ತೋಳು ಹಿಡಿದುಕೊಂಡೆ. ಅವನ ಕೈ ಒದ್ದೆಯಾಗಿ ತಣ್ಣಗಿತ್ತು. ಐದು ನಿಮಿಷ ಬಿಟ್ಟು ಚೇತರಿಸಿಕೊಂಡ, ಆದರೆ ವೇದಿಕೆಗೆ ಹೋಗಲಿಲ್ಲ. ಆರು ಗಂಟೆ ಅವನ ಪಕ್ಕದಲ್ಲೇ ಓಡಾಡಿದ್ದೆ. ನೀರು ಕುಡಿದೆಯಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಅದಕ್ಕೇ ಈ ಸಲ ಮೊದಲೇ ಕೇಳುತ್ತಿದ್ದೇನೆ. ನಿಮಗೆ ತಿಳಿದದ್ದು ಬರೆಯಿರಿ. ಬರಲು ಆಗುವವರು ಅದನ್ನೂ ಹೇಳಿ.


ಮೊದಲ ಸಲ
(ಭಾನುವಾರ ರಾತ್ರಿ)

ಅಕ್ಕಾ, ನಾನು ಬರುತ್ತೇನೆ. ಆದರೆ ನನಗೆ ಹೊಲಿಗೆ ಬರುವುದಿಲ್ಲ, ಮೇಕಪ್ಪೂ ಬರುವುದಿಲ್ಲ. ಬಂದರೆ ಉಪಯೋಗ ಆಗುತ್ತಾ?


ಸೀನರಿ ಮನೆಯವನು, ಮಂಡ್ಯ
(ಸೋಮವಾರ ಬೆಳಿಗ್ಗೆ)

ಖಂಡಿತ ಆಗುತ್ತೆ, ಬನ್ನಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮ ಮನೆಯಲ್ಲಿ ನಾಟಕದ ಸೀನರಿ ಕೆಲಸ. ಮಂಡ್ಯ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ಪೌರಾಣಿಕ ನಾಟಕ ಆಡುತ್ತಾರೆ. ಆಡುವವರು ರೈತರು, ಮೇಷ್ಟ್ರು, ಹಾಲಿನ ಡೇರಿಯವರು, ಆಟೋ ಓಡಿಸುವವರು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಧಾರಿಗಳಿಗೆ ಯಾರೂ ಸಂಬಳ ಕೊಡುವುದಿಲ್ಲ, ಅವರೇ ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ, ಭೀಮನ ಪಾತ್ರಕ್ಕೆ ಜಾಸ್ತಿ ಕೊಡಬೇಕು. ಪರದೆ, ಡ್ರೆಸ್ಸು, ಕಿರೀಟ, ಲೈಟು, ಮೈಕು ಎಲ್ಲ ತರುವುದು ಸೀನರಿಯವರು. ಯೋಚನೆ ಮಾಡಿ, ನಿಮ್ಮ ಕಾಸ್‌ಪ್ಲೇಗೂ ಇದಕ್ಕೂ ಏನು ವ್ಯತ್ಯಾಸ? ಪ್ರೀತಿಸುವ ಪಾತ್ರವನ್ನು ಒಂದು ದಿನವಾದರೂ ಮೈಮೇಲೆ ಹಾಕಿಕೊಳ್ಳಬೇಕು ಅನ್ನುವ ಆಸೆ ಎರಡರಲ್ಲೂ ಒಂದೇ.

ನಾನು ಹತ್ತು ವರ್ಷದವನಿದ್ದಾಗಿಂದ ಪರದೆ ಹಿಂದೆ ಕೂತಿದ್ದೇನೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಬೆಳಗಿನವರೆಗೆ. ದುರ್ಯೋಧನನಿಗೆ ಕಿರೀಟ, ಭುಜಕೀರ್ತಿ, ಎದೆಗೆ ಕವಚ, ಕೈಯಲ್ಲಿ ಗದೆ. ನನ್ನ ಮೊದಲ ಕೆಲಸ ಏನು ಗೊತ್ತಾ? ಸೂಜಿಯೂ ಅಲ್ಲ, ಬಣ್ಣವೂ ಅಲ್ಲ. ಟೀ ಲೋಟ ಹಿಡಿದುಕೊಳ್ಳುವುದು. ಮೀಸೆ ಅಂಟಿಸಿದ ಮೇಲೆ ಲೋಟಕ್ಕೆ ಬಾಯಿ ಹಚ್ಚಿದರೆ ಅಂಟು ಬಿಡುತ್ತೆ. ಅದಕ್ಕೆ ನಮ್ಮಪ್ಪ ಸ್ಟ್ರಾ ತಂದಿಟ್ಟುಕೊಳ್ಳುತ್ತಿದ್ದರು. ದುರ್ಯೋಧನ ಪರದೆ ಹಿಂದೆ ಬಂದ ಕೂಡಲೇ ನಾನು ಸ್ಟ್ರಾ ಹಿಡಿಯಬೇಕು, ಆಮೇಲೆ ಬೆನ್ನ ಹಿಂದಿನ ಗಂಟು ಸಡಿಲ ಮಾಡಬೇಕು, ಆಮೇಲೆ ಗಾಳಿ ಬೀಸಬೇಕು. ಮುಂದಿನ ಸೀನಿಗೆ ಎರಡು ನಿಮಿಷ ಇದೆ ಅನ್ನುವಾಗ ಮತ್ತೆ ಗಂಟು ಬಿಗಿ ಮಾಡಬೇಕು. ‘ಏನ್ಲಾ, ನೀರು ಕೊಟ್ಯಾ?’ ಅಂತ ಅಪ್ಪ ರಾತ್ರಿಯೆಲ್ಲ ಕೇಳುತ್ತಲೇ ಇರುತ್ತಿದ್ದರು. ಕಿರೀಟ ಸರಿ ಇದೆಯಾ ಅಂತ ಕೇಳಿದ್ದು ಕಮ್ಮಿ.

ಹಿಂದಿನ ಕೆಲಸ ಅಂದರೆ ವೇಷ ನೋಡಿಕೊಳ್ಳುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವೇಷದ ಒಳಗಿರುವ ಮನುಷ್ಯನನ್ನು ನೋಡಿಕೊಳ್ಳುವುದೇ ಕೆಲಸ. ಅದಕ್ಕೆ ಹೊಲಿಗೆ ಬೇಕಿಲ್ಲ. ನನಗೂ ಹದಿನೈದು ವರ್ಷ ಆಗುವವರೆಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ.

ನಾನೂ ಬರುತ್ತೇನೆ. ಮಂಡ್ಯದಿಂದ ಬೆಳಗಿನ ರೈಲು ಹತ್ತಿದರೆ ಆರಾಮ. ಎರಡು ಆಳೆತ್ತರದ ಕನ್ನಡಿ ಇವೆ, ಉದ್ದದ ಬೆಂಚೂ ಇವೆ. ಅವನ್ನು ಹಿಂದಿನ ದಿನ ಟೆಂಪೋದಲ್ಲಿ ಕಳಿಸುತ್ತೇನೆ.


ಒಂಟಿಕೊಪ್ಪಲು ಸೂಜಿ
(ಸೋಮವಾರ ಮಧ್ಯಾಹ್ನ)

ಅಣ್ಣಾ, ಓದಿ ಕಣ್ಣು ತುಂಬಿ ಬಂತು. ಬೆಂಚು ಅಂದಿರಲ್ಲ, ಅದು ನನಗೆ ಹೊಳೆದೇ ಇರಲಿಲ್ಲ. ಕೈ ಇರುವ ಕುರ್ಚಿಯಲ್ಲಿ ಕವಚದವರು, ರೆಕ್ಕೆಯವರು ಕೂರಲು ಆಗುವುದಿಲ್ಲ. ಬೆಂಚಾದರೆ ಅಂಚಿನಲ್ಲಿ ಕೂರಬಹುದು. ಸ್ಟ್ರಾ ಇವತ್ತೇ ಬರೆದುಕೊಂಡೆ.


ಫೋಮ್ ಕೆಲಸದವನು
(ಸೋಮವಾರ ಸಂಜೆ)

ರಿಪೇರಿ ಮೇಜು ನನಗೆ ಬಿಡಿ. ಬೆಂಗಳೂರಿನ ದೊಡ್ಡ ಕಾಮಿಕ್ ಮೇಳಕ್ಕೆ ಹೋದಾಗೆಲ್ಲ ನನ್ನ ಬ್ಯಾಗಿನಲ್ಲಿ ರಿಪೇರಿ ಡಬ್ಬಿ ಇದ್ದೇ ಇರುತ್ತೆ. ನನಗಿಂತ ಬೇರೆಯವರಿಗೇ ಜಾಸ್ತಿ ಉಪಯೋಗ ಆಗಿದೆ.

ಮೇಜಿನ ಮೇಲೆ ಇರಬೇಕಾದದ್ದು: ದಪ್ಪ ಸೂಜಿ, ಸಣ್ಣ ಸೂಜಿ, ಕಪ್ಪು, ಬಿಳಿ, ಕೆಂಪು ದಾರ, ನಾಲ್ಕು ಅಳತೆಯ ಪಿನ್ನು, ಹುಕ್ಕು, ಗುಂಡಿ, ವೆಲ್ಕ್ರೋ, ಅಗಲದ ಎಲಾಸ್ಟಿಕ್, ಕೇಬಲ್ ಟೈ, ಎರಡೂ ಕಡೆ ಅಂಟುವ ಟೇಪು, ಕಪ್ಪು ಬಟ್ಟೆ ಟೇಪು, ಕತ್ತರಿ, ಹೊಸ ಬ್ಲೇಡಿನ ಕಟರ್. ಗ್ಲೂ ಗನ್ ಎರಡು. ಅದರಲ್ಲಿ ಕರಗಿಸುವ ಅಂಟಿನ ಕಡ್ಡಿ 7 ಮಿಲಿಮೀಟರಿನದೂ ಬರುತ್ತೆ, 11ರದೂ ಬರುತ್ತೆ. ಗನ್ ಯಾವುದೋ ಕಡ್ಡಿ ಯಾವುದೋ ಆಗಿ ಒಂದು ಸಲ ಪೂರ್ತಿ ಬೆಳಿಗ್ಗೆ ಹಾಳಾಯಿತು, ಆದ್ದರಿಂದ ಮೊದಲೇ ಹಾಕಿ ನೋಡಿ.

ಈಗ ಅಂಟಿನ ವಿಷಯ. ಇಲ್ಲಿ ಹುಷಾರಾಗಿರಬೇಕು.

ಕವಚಕ್ಕೆ ಬಳಸುವ ಇವಿಎ ಫೋಮ್ ಗೊತ್ತಲ್ಲ, ಯೋಗ ಮ್ಯಾಟ್, ಮಕ್ಕಳ ನೆಲಹಾಸಿನ ಜಾತಿಯದು. ಅದಕ್ಕೆ ಫೆವಿಬಾಂಡ್ ಥರದ ರಬ್ಬರ್ ಅಂಟು ಸರಿ. ಎರಡೂ ಕಡೆ ಹಚ್ಚಿ, ಕೈಗೆ ಅಂಟದ ಹಾಗೆ ಒಣಗುವವರೆಗೆ ಕಾದು, ಆಮೇಲೆ ಒತ್ತಬೇಕು. ಅವಸರಪಟ್ಟು ಹಸಿಯಲ್ಲೇ ಒತ್ತಿದರೆ ಹಿಡಿಯುವುದಿಲ್ಲ. ಆದರೆ ಅದೇ ಅಂಟನ್ನು ಥರ್ಮಾಕೋಲಿಗೆ ಹಾಕಿದರೆ ಥರ್ಮಾಕೋಲ್ ಕರಗಿಹೋಗುತ್ತೆ. ಹೋದ ಸಲ ಒಬ್ಬ ಹುಡುಗಿಯ ಕಿರೀಟ ಹೀಗೇ ಹೋಯಿತು. ಸಹಾಯ ಮಾಡಲು ಹೋದವರೇ ಹಚ್ಚಿದ್ದರು. ಆದ್ದರಿಂದ ಮೊದಲ ಪ್ರಶ್ನೆ ಯಾವಾಗಲೂ ‘ಇದು ಯಾವುದರಲ್ಲಿ ಮಾಡಿದ್ದು?’ ಅಂತ ಇರಲಿ.

ಫೆವಿಕ್ವಿಕ್ ಹತ್ತಿಗೆ, ಹತ್ತಿ ಬಟ್ಟೆಗೆ ತಾಗಬಾರದು. ತಾಗಿದರೆ ಬಿಸಿಯಾಗುತ್ತೆ, ಹೊಗೆ ಕೂಡ ಬರುತ್ತೆ. ಮೈಮೇಲೆ ಬಟ್ಟೆ ಇರುವಾಗ ಹಾಕಿದರೆ ಚರ್ಮ ಸುಡುತ್ತೆ. ಏನೇ ಅಂಟಿಸುವುದಿದ್ದರೂ ಬಿಚ್ಚಿಸಿ, ಮೇಜಿನ ಮೇಲಿಟ್ಟು ಅಂಟಿಸಿ. ಬಿಚ್ಚಲು ಆಗದಿದ್ದರೆ ಹೊಲಿಗೆ ಅಥವಾ ಪಿನ್ನು ಮಾತ್ರ. ಪಿನ್ನು ಹಾಕುವಾಗ ನಿಮ್ಮ ಇನ್ನೊಂದು ಕೈಯ ಬೆರಳು ಬಟ್ಟೆಯ ಒಳಗೆ, ಅವರ ಮೈ ಕಡೆ ಇರಲಿ. ಚುಚ್ಚಿದರೆ ನಿಮಗೆ ಚುಚ್ಚಲಿ.

ರಬ್ಬರ್ ಅಂಟಿನ ಆವಿ ಬೆಂಕಿ ಹಿಡಿಯುತ್ತೆ, ಮುಚ್ಚಿದ ಕೋಣೆಯಲ್ಲಿ ತಲೆ ಸುತ್ತುತ್ತೆ. ಆ ಮೇಜು ವರಾಂಡದಲ್ಲಿರಲಿ. ಬಿಸಿ ಗಾಳಿ ಊದುವ ಹೀಟ್ ಗನ್ ಅದರ ಹತ್ತಿರ ಬೇಡವೇ ಬೇಡ. ವೇಷದಲ್ಲಿ ಎಲ್‌ಇಡಿ ಹಾಕಿದವರ ಬ್ಯಾಟರಿಯನ್ನೂ ನೋಡಿ. ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಎಷ್ಟೇ ಕೇಳಿಕೊಂಡರೂ ವೇದಿಕೆಗೆ ಬಿಡಬಾರದು.


ಆಸ್ಪತ್ರೆ ಅಕ್ಕ
(ಸೋಮವಾರ ರಾತ್ರಿ)

ನಾನು ನರ್ಸ್. ಹೋದ ವರ್ಷದ ಆ ಹುಡುಗನ ಬಗ್ಗೆ ಓದಿದೆ. ಒದ್ದೆ ಮೈ, ತಣ್ಣಗಿನ ಕೈ, ತಲೆಸುತ್ತು. ಅದು ಸೆಕೆಗೆ ಮೈ ಸೋತ ಲಕ್ಷಣ. ಫೋಮಿನ ಒಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಆದ್ದರಿಂದ ಮೈ ತಂಪಾಗುವ ದಾರಿಯೇ ಮುಚ್ಚಿಹೋಗುತ್ತೆ. ಜೊತೆಗೆ ನಿಂತೇ ಇದ್ದರೆ ರಕ್ತ ಕಾಲಿನಲ್ಲಿ ನಿಲ್ಲುತ್ತೆ.

ಇಂಥವರನ್ನು ಕೂಡಲೇ ಮಲಗಿಸಿ, ಕಾಲು ಎತ್ತರಿಸಿ. ಕವಚ ಬಿಚ್ಚಿ. ಕತ್ತರಿಸಬೇಕಾಗಿ ಬಂದರೆ ಕತ್ತರಿಸಿ, ಫೋಮ್ ಮತ್ತೆ ಮಾಡಬಹುದು. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ. ಪೂರ್ತಿ ಎಚ್ಚರ ಇದ್ದರೆ ಮಾತ್ರ ಗುಟುಕು ಗುಟುಕಾಗಿ ಕುಡಿಸಿ. ಓಆರ್‌ಎಸ್ ಪೊಟ್ಟಣ ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಜಾಸ್ತಿ ಬೇಡ.

ಮಾತು ತಡವರಿಸಿದರೆ, ಕೇಳಿದ್ದಕ್ಕೆ ಏನೇನೋ ಹೇಳಿದರೆ, ಮೈ ಸುಡುತ್ತಿದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ತಂಪು ಮಾಡುತ್ತಲೇ ಇರಿ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಪ್ರಾಣಕ್ಕೆ ಅಪಾಯ.

ಇನ್ನೊಂದು. ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಒಬ್ಬರದನ್ನು ಒಬ್ಬರು ಹಾಕಿಕೊಳ್ಳುವುದನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಕಣ್ಣಿಗೆ ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು.

ಆ ದಿನ ನನಗೆ ರಾತ್ರಿ ಪಾಳಿ. ಬೆಳಿಗ್ಗೆಯಿಂದ ಎರಡು ಗಂಟೆವರೆಗೆ ನಿಮ್ಮ ಜೊತೆ ಇರುತ್ತೇನೆ.


ಕುವೆಂಪುನಗರದ ಅಮ್ಮ
(ಮಂಗಳವಾರ)

ನನ್ನ ಮಗಳಿಗೆ ಹದಿನಾಲ್ಕು. ಮೊದಲ ಸಲ ಭಾಗವಹಿಸುತ್ತಿದ್ದಾಳೆ. ಅನಿಮೆಯ, ಅಂದರೆ ಜಪಾನಿ ಕಾರ್ಟೂನಿನ, ಒಂದು ಪಾತ್ರ. ಲಂಗ ನಾನೇ ಹೊಲಿದೆ. ತಂದೆ ತಾಯಿಗೆ ಗ್ರೀನ್ ರೂಮಿಗೆ ಪ್ರವೇಶ ಇಲ್ಲ ಅಂತ ಅರ್ಜಿಯಲ್ಲಿ ನೋಡಿದೆ. ನೇರವಾಗಿ ಹೇಳುತ್ತೇನೆ, ನನಗೆ ಇದು ಒಪ್ಪಿಗೆ ಇಲ್ಲ. ಅಷ್ಟು ಜನ ಓಡಾಡುವ ಕಡೆ, ಬಟ್ಟೆ ಬದಲಿಸುವ ಜಾಗದಲ್ಲಿ ಅವಳನ್ನು ಒಬ್ಬಳನ್ನೇ ಹೇಗೆ ಬಿಡಲಿ?


ಫೋಮ್ ಕೆಲಸದವನು
(ಮಂಗಳವಾರ)

ಮೇಡಂ, ನಿಮ್ಮ ಚಿಂತೆ ಅರ್ಥ ಆಗುತ್ತೆ. ಆದರೆ ಅರವತ್ತು ಜನಕ್ಕೆ ಒಬ್ಬೊಬ್ಬರು ಮನೆಯವರು ಬಂದರೆ ನೂರಿಪ್ಪತ್ತು ಜನ. ಇರುವುದು ಎರಡು ತರಗತಿ. ಹೋದ ಸಲ ಹೀಗೇ ತುಂಬಿ, ಒಬ್ಬರ ರೆಕ್ಕೆ ಮುರಿಯಿತು.


ಸೀನರಿ ಮನೆಯವನು, ಮಂಡ್ಯ
(ಮಂಗಳವಾರ)

ಅಮ್ಮ ಹೇಳುವುದು ಸರಿ. ಜಾಗ ಇಲ್ಲ ಅಂದರೆ ಜಾಗ ಮಾಡಬೇಕು. ಹದಿನೆಂಟಕ್ಕಿಂತ ಚಿಕ್ಕವರ ಜೊತೆ ಮನೆಯವರು ಒಬ್ಬರು ಇರಲೇಬೇಕು ಅಂತ ನನ್ನ ಅಭಿಪ್ರಾಯ. ದೊಡ್ಡವರ ಜೊತೆ ಯಾರೂ ಬೇಡ.


ಒಂಟಿಕೊಪ್ಪಲು ಸೂಜಿ
(ಮಂಗಳವಾರ ರಾತ್ರಿ)

ಅಮ್ಮಾ, ನೀವು ಹೇಳಿದ ಮೇಲೆ ಕೂತು ಯೋಚಿಸಿದೆ. ನಿಯಮ ಬದಲಿಸಲು ಸಂಘಟಕರನ್ನು ಕೇಳಿದೆ, ಒಪ್ಪಿದರು. ಮಕ್ಕಳ ಜೊತೆ ಒಬ್ಬರು ಬರಬಹುದು. ಬಟ್ಟೆ ಬದಲಿಸಲು ಹೆಣ್ಣುಮಕ್ಕಳಿಗೆ ಮೇಲಿನ ಮಹಡಿಯ ಕೋಣೆ ಬೇರೆ ತೆಗೆದಿದ್ದೇವೆ. ಬಾಗಿಲಲ್ಲಿ ಇಬ್ಬರು ಹೆಣ್ಣು ಸ್ವಯಂಸೇವಕರು ಇರುತ್ತಾರೆ. ಒಳಗೆ ಫೋನ್ ತೆಗೆಯುವಂತಿಲ್ಲ, ಸ್ವಯಂಸೇವಕರೂ ಸೇರಿ. ಗ್ರೀನ್ ರೂಮಿನಲ್ಲಿ ಯಾರ ಫೋಟೋ ತೆಗೆಯುವುದಕ್ಕೂ ಅವರನ್ನೇ ಕೇಳಬೇಕು. ಪಿನ್ನು ಹಾಕಲು ಮುಟ್ಟುವ ಮೊದಲೂ ಕೇಳಬೇಕು. ನ್ಯೂಯಾರ್ಕಿನ ಕಾಮಿಕ್ ಕಾನ್‌ನಲ್ಲಿ 2014ರಲ್ಲಿ ‘ವೇಷ ಹಾಕಿದ್ದಾರೆ ಅಂದರೆ ಒಪ್ಪಿಗೆ ಕೊಟ್ಟಿದ್ದಾರೆ ಅಂತಲ್ಲ’ ಅನ್ನುವ ಅರ್ಥದ ದೊಡ್ಡ ಫಲಕ ನಿಲ್ಲಿಸಿದ್ದರು. ಅಂಥದ್ದನ್ನು ನಾವು ಕನ್ನಡದಲ್ಲಿ ಬರೆದು ಎರಡೂ ಬಾಗಿಲಿಗೆ ಹಾಕುತ್ತೇವೆ.

ಮತ್ತೆ ಒಂದು ಕೋರಿಕೆ. ಲಂಗ ಹೊಲಿದೆ ಅಂದಿರಿ. ಮಗಳ ಜೊತೆ ಹೇಗೂ ಬರುತ್ತೀರಿ. ಹೊಲಿಗೆ ಮೇಜಿನಲ್ಲಿ ಕೂರುತ್ತೀರಾ?


ಕುವೆಂಪುನಗರದ ಅಮ್ಮ
(ಬುಧವಾರ ಬೆಳಿಗ್ಗೆ)

ಕೂರುತ್ತೇನೆ. ಕೈ ಮೆಷಿನ್ ಇದೆ, ಅದನ್ನೂ ತರುತ್ತೇನೆ. ಕೇಳಿದ್ದಕ್ಕೆ ತುಂಬಾ ಖುಷಿ ಆಯಿತು.


ವಿಂಗ್ ಕಡೆಯವನು
(ಬುಧವಾರ)

ನಾನು ಮೈಸೂರಿನ ಹವ್ಯಾಸಿ ತಂಡದಲ್ಲಿ ಬೆಳಕಿನ ಕೆಲಸ ಮಾಡುತ್ತೇನೆ. ರಂಗಾಯಣದ ಭೂಮಿಗೀತದಲ್ಲಿ, ವನರಂಗದಲ್ಲಿ ನಾಟಕ ನೋಡುತ್ತಾ ಬೆಳೆದವನು. ವೇದಿಕೆಯ ಮೆಟ್ಟಿಲ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

ಮುಖವಾಡ ಹಾಕಿದವರಿಗೆ ತಮ್ಮ ಪಾದ ಕಾಣುವುದಿಲ್ಲ. ಬೆಳಕಿನಿಂದ ಕತ್ತಲಿಗೆ ಇಳಿಯುವಾಗ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು, ಆದರೆ ಹಿಂದೆ ಮುಂದಿನವರು ಬರುತ್ತಿರುತ್ತಾರೆ. ಬೀಳುವುದು ಹತ್ತುವಾಗ ಕಮ್ಮಿ, ಇಳಿಯುವಾಗಲೇ ಜಾಸ್ತಿ. ಹೊರದೇಶದ ಮೇಳಗಳಲ್ಲಿ ವೇದಿಕೆಯ ಎರಡೂ ತುದಿಗೆ ಕಪ್ಪು ಬಟ್ಟೆ ತೊಟ್ಟವರು ನಿಲ್ಲುತ್ತಾರೆ, ಅವರನ್ನು ನಿಂಜಾ ಅಂತಲೇ ಕರೆಯುತ್ತಾರೆ. ಅವರ ಕೆಲಸ ಇಷ್ಟೇ, ಕೈ ಹಿಡಿದು ಹತ್ತಿಸುವುದು, ಕೈ ಹಿಡಿದು ಇಳಿಸುವುದು, ಉದ್ದದ ಸೆರಗು ಎತ್ತಿಕೊಡುವುದು.

ನಮ್ಮಲ್ಲೂ ಇದು ಹೊಸದಲ್ಲ. ದಸರಾ ಮೆರವಣಿಗೆಯಲ್ಲಿ ಗಾರುಡಿ ಗೊಂಬೆ ನೋಡಿದ್ದೀರಲ್ಲ? ಬಿದಿರಿನ ಆ ಎತ್ತರದ ಗೊಂಬೆಯ ಒಳಗೆ ಒಬ್ಬ ಮನುಷ್ಯ ಹೊತ್ತು ಕುಣಿಯುತ್ತಿರುತ್ತಾನೆ. ಬಟ್ಟೆಯಲ್ಲಿ ಒಂದು ಕಿಂಡಿ, ಅವನಿಗೆ ಕಾಣುವುದು ಅಷ್ಟೇ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್. ಚಿಕ್ಕವನಿದ್ದಾಗ ಎಲ್ಲರೂ ಗೊಂಬೆಯ ಮುಖ ನೋಡುತ್ತಿದ್ದರೆ ನಾನು ಆ ಕಿಂಡಿಯನ್ನೇ ನೋಡುತ್ತಿದ್ದೆ. ಒಂದು ವರ್ಷ ಪಕ್ಕದಲ್ಲಿ ನಡೆಯುತ್ತಿದ್ದವನು ಬಾಗಿ ಆ ಕಿಂಡಿಗೆ ನೀರಿನ ಬಾಟಲಿ ಹಿಡಿದದ್ದು ಇವತ್ತಿಗೂ ಕಣ್ಣ ಮುಂದೆ ಇದೆ.

ನನ್ನ ಸಲಹೆ. ಮೆಟ್ಟಿಲ ಅಂಚಿಗೆಲ್ಲ ಬಿಳಿ ಟೇಪು ಅಂಟಿಸಿ. ಕೈ ಹಿಡಿಯುವವರು ಬಾಯಿಬಿಟ್ಟು ಎಣಿಸಲಿ: ‘ನಾಲ್ಕು ಮೆಟ್ಟಿಲು. ಒಂದು, ಎರಡು...’ ನೀವು ಅವರ ಕೈ ಹಿಡಿಯಬೇಡಿ, ಅವರು ನಿಮ್ಮ ತೋಳು ಹಿಡಿಯಲಿ. ಕೈಗವಸು ಜಾರುತ್ತೆ. ಮುಖ್ಯವಾಗಿ ಒಂದು ದಿನ ಮೊದಲು ನಿಮ್ಮಲ್ಲೊಬ್ಬರು ಮುಖವಾಡ ಹಾಕಿಕೊಂಡು ಆ ಮೆಟ್ಟಿಲು ಇಳಿದು ನೋಡಿ. ಆಮೇಲೆ ಯಾರೂ ಏನೂ ಹೇಳಿಕೊಡಬೇಕಾಗುವುದಿಲ್ಲ.


ಮೊದಲ ಸಲ
(ಬುಧವಾರ)

ಮೆಟ್ಟಿಲ ಕೆಲಸ ನನಗೆ ಕೊಡಿ. ಕಪ್ಪು ಅಂಗಿ ಇದೆ.


ಹಳೆ ಸ್ವಯಂಸೇವಕಿ
(ಗುರುವಾರ ರಾತ್ರಿ)

ಎಲ್ಲರೂ ಉತ್ಸಾಹದಲ್ಲಿದ್ದೀರಿ. ಅದನ್ನು ತಗ್ಗಿಸಲು ಬರೆಯುತ್ತಿಲ್ಲ. ಆದರೆ ಹೇಳದೇ ಇದ್ದರೆ ತಪ್ಪಾಗುತ್ತೆ.

ಕೆಲವು ವರ್ಷದ ಹಿಂದೆ ಬೇರೆ ಊರಿನ ಒಂದು ಮೇಳದಲ್ಲಿ ಗ್ರೀನ್ ರೂಮಿನಲ್ಲಿದ್ದೆ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತು. ಮಧ್ಯೆ ಊಟ ಇಲ್ಲ. ಊಟದ ಚೀಟಿ ಬಂದಿತ್ತು, ಆದರೆ ಹೋಗಿ ಬರಲು ಬದಲಿ ಯಾರೂ ಇರಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಒಬ್ಬ ಹುಡುಗನ ಬೆನ್ನಿನ ಜಿಪ್ ಹಾಕುವಾಗ ಚರ್ಮ ಸಿಕ್ಕಿಕೊಂಡಿತು. ಅವನು ಕಿರುಚಿದ. ನಾನು ಅತ್ತೆ. ಕೊನೆಗೆ ವೇದಿಕೆ ಮೇಲೆ ಎಲ್ಲರಿಗೂ ವಂದನೆ ಹೇಳಿದರು, ದೀಪದವರಿಗೆ, ಮೈಕಿನವರಿಗೆ, ಪಾರ್ಕಿಂಗಿನವರಿಗೆ. ನಮ್ಮ ಕೋಣೆಯ ಹೆಸರು ಬರಲೇ ಇಲ್ಲ. ಆಮೇಲೆ ಎರಡು ವರ್ಷ ನಾನು ಯಾವ ಮೇಳಕ್ಕೂ ಹೋಗಲಿಲ್ಲ.

ಈ ಹವ್ಯಾಸದ ಶುರುವಿನಲ್ಲೇ ಹೀಗಾಗಿದೆ ನೋಡಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಭವಿಷ್ಯದ ಕಾಲದ ಉಡುಪು ತೊಟ್ಟು ಇಬ್ಬರು ಬಂದರು. ಫಾರೆಸ್ಟ್ ಅಕರ್‌ಮನ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಎರಡೂ ಉಡುಪನ್ನು ಮಾಡಿದ್ದು ಜೊತೆಗೆ ಬಂದಿದ್ದ ಮಿರ್ಟಲ್ ಡಗ್ಲಸ್. ಆಕೆಯ ಹೆಸರು ಎಷ್ಟು ಜನಕ್ಕೆ ಗೊತ್ತು?

ನನ್ನ ಬೇಡಿಕೆ ಮೂರೇ. ಯಾರೂ ಐದು ಗಂಟೆಗಿಂತ ಜಾಸ್ತಿ ಒಂದೇ ಉಸಿರಿನಲ್ಲಿ ನಿಲ್ಲಬಾರದು. ಊಟ ಗ್ರೀನ್ ರೂಮಿನ ಪಕ್ಕಕ್ಕೇ ಬರಬೇಕು. ಕೊನೆಯಲ್ಲಿ ಹಿಂದಿನವರ ಹೆಸರು ಒಂದೊಂದಾಗಿ ಓದಬೇಕು. ಇಷ್ಟಕ್ಕೆ ಒಪ್ಪಿದರೆ ನಾನೂ ಬರುತ್ತೇನೆ.


ಒಂಟಿಕೊಪ್ಪಲು ಸೂಜಿ
(ಶುಕ್ರವಾರ)

ಮೂರಕ್ಕೂ ಒಪ್ಪಿಗೆ. ಹೆಸರು ಓದುವ ಕಾಗದ ನಾನೇ ನಿರೂಪಕರ ಕೈಗೆ ಕೊಡುತ್ತೇನೆ. ಊಟಕ್ಕೆ ಪುಳಿಯೋಗರೆ, ಮೊಸರನ್ನ. ಮಂಡ್ಯದ ಅಣ್ಣ ಮದ್ದೂರು ವಡೆ ತರುತ್ತೇನೆ ಅಂದಿದ್ದಾರೆ. ಎಣ್ಣೆ ಕೈಯಲ್ಲಿ ವೇಷ ಮುಟ್ಟಬಾರದು ಅಂತ ಊಟದ ಜಾಗ ವರಾಂಡದ ಆ ತುದಿಗೆ ಇಟ್ಟಿದ್ದೇವೆ. ಸಾಬೂನು, ಟವೆಲ್ ಅಲ್ಲೇ.

ಈಗ ಹನ್ನೊಂದು ಜನ ಆದೆವು. ಹೀಗೆ ಮಾಡೋಣ ಅಂತ ಇದ್ದೇನೆ. ಹೊರದೇಶದ ವೇಷ ಸ್ಪರ್ಧೆಗಳಲ್ಲಿ ‘ಡೆನ್ ಮದರ್’ ಅಂತ ಇರುತ್ತಾರೆ, ಕೆಲವು ಸ್ಪರ್ಧಿಗಳಿಗೆ ಒಬ್ಬರು, ಬಂದಾಗಿಂದ ವೇದಿಕೆವರೆಗೆ ಅವರದೇ ಹೊಣೆ. ಮನೆಯಲ್ಲಿ ಅಕ್ಕ ನೋಡಿಕೊಂಡ ಹಾಗೆ. ನಾವು ಅದಕ್ಕೆ ‘ಅಕ್ಕ ಅಣ್ಣ’ ಅಂತಲೇ ಹೇಳೋಣ. ಹತ್ತು ಸ್ಪರ್ಧಿಗಳಿಗೆ ಒಬ್ಬರು, ಒಟ್ಟು ಆರು. ಉಳಿದವರು ರಿಪೇರಿ, ಹೊಲಿಗೆ, ಮೆಟ್ಟಿಲು. ಆಸ್ಪತ್ರೆ ಅಕ್ಕ ಎಲ್ಲ ಕಡೆ. ಪ್ರತಿ ಅಕ್ಕ ಅಣ್ಣನ ಕೈಯಲ್ಲಿ ಒಂದು ಹಾಳೆ. ಹೆಸರಿನ ಮುಂದೆ ಅರ್ಧ ಗಂಟೆಗೊಮ್ಮೆ ನೀರು ಕುಡಿದದ್ದಕ್ಕೆ ಗುರುತು ಹಾಕಬೇಕು. ಎರಡು ಗುರುತು ತಪ್ಪಿದರೆ ಪಕ್ಕ ಹೋಗಿ ಕೂತು ಕುಡಿಸಬೇಕು.

ಪೂರ್ತಿ ಕವಚ, ಶಿರಸ್ತ್ರಾಣ ತಮ್ಮ ಸರದಿಗೆ ಇಪ್ಪತ್ತು ನಿಮಿಷ ಮೊದಲು ತೊಟ್ಟರೆ ಸಾಕು. ಅದಕ್ಕೆ ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ತಡವಾದರೆ ಎಷ್ಟು ತಡ ಅಂತ ವೇದಿಕೆಯವರು ನಮಗೆ ಹೇಳಬೇಕು. ಹೋದ ವರ್ಷ ಅಸಲಿ ತಪ್ಪು ನಡೆದದ್ದು ಇಲ್ಲೇ. ತಡ ಆಗುತ್ತೆ ಅಂತ ಮುಂದಿನವರಿಗೆ ಗೊತ್ತಿತ್ತು. ಹಿಂದಿನವರಿಗೆ ಯಾರೂ ಹೇಳಲಿಲ್ಲ.

ಒಣಗದ ಬಣ್ಣ ಬಳಿದುಕೊಂಡವರಿಗೆ ಬೇರೆ ಬೆಂಚು. 1972ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆದ ಅದೇ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಒಬ್ಬರು ಮೈಗೆ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದಿದ್ದರಂತೆ. ದೀಪದ ಕಾವಿಗೆ ಅದು ಕೆಟ್ಟು ನಾತ ಹೊಡೆಯಿತು, ತಾಗಿದವರ ಉಡುಪೂ ಹಾಳಾಯಿತು. ಆಮೇಲೆ ಅಲ್ಲಿ ‘ಕಡಲೆಕಾಯಿ ಬೆಣ್ಣೆ ಬೇಡ’ ಅನ್ನುವ ನಿಯಮವೇ ಬಂತು. ಪಕ್ಕದವರೂ ತಿಂಗಳುಗಟ್ಟಲೆ ಕೂತು ಹೊಲಿದಿರುತ್ತಾರೆ, ಅಲ್ವಾ?


ಫೋಮ್ ಕೆಲಸದವನು
(ಶುಕ್ರವಾರ)

ಒಂದು ಸಂದೇಹ. ತೀರ್ಪುಗಾರರು ಹತ್ತಿರದಿಂದ ಕೆಲಸ ನೋಡುವ ಮೊದಲೇ ನಾವು ರಿಪೇರಿ ಮಾಡಿಕೊಟ್ಟರೆ ಅದು ಸ್ಪರ್ಧಿಯ ಕೆಲಸ ಅಂತ ಆಗುತ್ತಾ? ಬೇರೆಯವರಿಗೆ ಅನ್ಯಾಯ ಅಲ್ವಾ?


ಹಳೆ ಸ್ವಯಂಸೇವಕಿ
(ಶುಕ್ರವಾರ)

ಮುರಿದದ್ದನ್ನು ಮೊದಲಿದ್ದ ಹಾಗೆ ಕೂಡಿಸುವುದು ಸರಿ. ಹೊಸದಾಗಿ ಏನನ್ನೂ ಸೇರಿಸಬಾರದು. ಏನು ಮಾಡಿದೆವು ಅಂತ ಸ್ಪರ್ಧಿಯೇ ತೀರ್ಪುಗಾರರಿಗೆ ಹೇಳಲಿ. ಆದಷ್ಟೂ ಸೂಜಿ ಅವರ ಕೈಯಲ್ಲೇ ಇರಲಿ, ನಾವು ಬಟ್ಟೆ ಹಿಡಿದುಕೊಳ್ಳೋಣ.


ಫೋಮ್ ಕೆಲಸದವನು
(ಶುಕ್ರವಾರ)

ಸರಿ, ಹಾಗೇ ಮಾಡೋಣ.


ಒಂಟಿಕೊಪ್ಪಲು ಸೂಜಿ
(ಮೇಳ ಮುಗಿದ ಮರುದಿನ)

ಎಲ್ಲರೂ ಮನೆ ಸೇರಿದಿರಿ ಅಂದುಕೊಂಡಿದ್ದೇನೆ. ನನಗೆ ಇನ್ನೂ ಕಾಲು ನೋವು, ಆದರೆ ಬರೆಯದೇ ಇರಲು ಆಗುತ್ತಿಲ್ಲ.

ಒಬ್ಬರೂ ಕುಸಿಯಲಿಲ್ಲ. ಒಂದು ಹುಡುಗಿಗೆ ಹನ್ನೆರಡರ ಹೊತ್ತಿಗೆ ತಲೆ ಸುತ್ತಿತು. ಹಾಳೆಯಲ್ಲಿ ಎರಡು ಗುರುತು ತಪ್ಪಿತ್ತು, ಅದನ್ನು ನೋಡಿಯೇ ‘ಮೊದಲ ಸಲ’ ಅವಳ ಹತ್ತಿರ ಹೋಗಿದ್ದರು. ಬೆಳಿಗ್ಗೆ ತಿಂಡಿಯನ್ನೇ ತಿಂದಿರಲಿಲ್ಲವಂತೆ. ಮಲಗಿಸಿ, ಓಆರ್‌ಎಸ್ ಕುಡಿಸಿ, ಒಂದು ಗಂಟೆ ಬಿಟ್ಟು ಅವಳೇ ನಡೆದುಕೊಂಡು ವೇದಿಕೆಗೆ ಹೋದಳು. ಮೆಟ್ಟಿಲಲ್ಲಿ ಯಾರೂ ಬೀಳಲಿಲ್ಲ. ಕೊನೆ ಕೊನೆಗೆ ಸ್ಪರ್ಧಿಗಳೇ ‘ನಾಲ್ಕು’ ಅಂತ ಎಣಿಸಿಕೊಂಡು ಬರುತ್ತಿದ್ದರು.

ತಪ್ಪೂ ಆಯಿತು. ಸ್ಟ್ರಾ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಮೇಲಿನ ಮಹಡಿಯ ಕೋಣೆಗೆ ಅಗಲದ ರೆಕ್ಕೆಯವರು ಮೆಟ್ಟಿಲು ಹತ್ತಲು ಒದ್ದಾಡಿದರು, ಬಾಗಿಲಿನ ಅಗಲ ಅಳೆಯಬೇಕು ಅಂತ ನನಗೆ ಹೊಳೆದಿರಲಿಲ್ಲ. ಆ ಇಬ್ಬರು ಹುಡುಗಿಯರಲ್ಲಿ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ.

ಹೋದ ವರ್ಷದ ಆ ಹುಡುಗ ಬಂದಿದ್ದ. ಅದೇ ಕವಚ, ಎದೆಯ ಭಾಗವನ್ನು ಈ ಸಲ ಬೆನ್ನ ಕಡೆ ವೆಲ್ಕ್ರೋ ಹಾಕಿ ಬಿಚ್ಚುವ ಹಾಗೆ ಮಾಡಿಕೊಂಡಿದ್ದ. ಬೆಂಚಿನ ಅಂಚಿನಲ್ಲಿ ಕೂತು ಮೂರು ಲೋಟ ನೀರು ಕುಡಿದ. ಬಹುಮಾನ ಬರಲಿಲ್ಲ. ವೇದಿಕೆ ಮೇಲೆ ಒಂದೂವರೆ ನಿಮಿಷ ಪೂರ್ತಿ ಇದ್ದ.

ಉಳಿದುಹೋದ ಸಾಮಾನು ನನ್ನ ಹತ್ತಿರ ಇದೆ. ಬೆಳ್ಳಿ ಬಣ್ಣದ ಎಡಗೈ ಕೈಗವಸು ಒಂದು. ನರಿಯ ಕಿವಿ ಒಂದು ಜೊತೆ. ಉಕ್ಕಿನ ಊಟದ ಡಬ್ಬಿ, ಮುಚ್ಚಳದ ಮೇಲೆ ಹೂವು ಕೊರೆದಿದೆ. ಯಾರದು ಅಂತ ತಿಳಿಸಿ.


ಕುವೆಂಪುನಗರದ ಅಮ್ಮ
(ಅದೇ ದಿನ)

ಡಬ್ಬಿ ನಮ್ಮದು. ಮಗಳು ನಿನ್ನೆಯಿಂದ ಮುಂದಿನ ವರ್ಷದ ಉಡುಪಿನ ಚಿತ್ರ ಬರೆಯುತ್ತಿದ್ದಾಳೆ.


ಸೀನರಿ ಮನೆಯವನು, ಮಂಡ್ಯ
(ಅದೇ ದಿನ)

ಬೆಂಚು, ಕನ್ನಡಿ ಇನ್ನೂ ಕಾಲೇಜಿನಲ್ಲೇ ಇವೆ. ಬರುವ ಶನಿವಾರ ಮದ್ದೂರು ಹತ್ತಿರದ ಹಳ್ಳಿಯಲ್ಲಿ ನಾಟಕ, ಅಷ್ಟರೊಳಗೆ ವಾಪಸ್ ಬೇಕು. ನಮ್ಮ ಹುಡುಗರಿಬ್ಬರು ಈ ಸಲ ಕಬ್ಬಿನ ಕಟಾವಿಗೆ ಹೋಗಿದ್ದಾರೆ. ಪರದೆ ಹಿಂದೆ ನೀರು ಕೊಡಲು, ಗಂಟು ಕಟ್ಟಲು ಇಬ್ಬರು ಕಮ್ಮಿ. ನಿಮ್ಮಲ್ಲಿ ಯಾರಿಗಾದರೂ ಬಿಡುವು ಇದೆಯಾ? ಬೆಳಗಿನವರೆಗೆ ಇರಬೇಕಾಗುತ್ತೆ.


ಮೊದಲ ಸಲ
(ಅದೇ ದಿನ)

ಅಣ್ಣಾ, ನಾನು ಬರುತ್ತೇನೆ. ಎಷ್ಟು ಗಂಟೆಗೆ ಇರಬೇಕು?


ಹಳೆ ಸ್ವಯಂಸೇವಕಿ
(ಅದೇ ದಿನ ರಾತ್ರಿ)

ನಾನೂ ಬರುತ್ತೇನೆ. ಬೆಂಚು ಸಾಗಿಸುವ ಟೆಂಪೋದಲ್ಲೇ ಕೂತು ಬರುತ್ತೇವೆ. ಸ್ಟ್ರಾ ಈ ಸಲ ನಾನು ತರುತ್ತೇನೆ.